ತೋಟಕ್ಕೆ ತೆರಿಗೆ: ಸಾವಿನ ದಿನವೋ, ಮಾರಾಟದ ದಿನವೋ?

(ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ರೈತರು ಕೂಡ ಎಲ್ಲರ ಹಾಗೆ ಪಿತ್ರಾರ್ಜಿತ ಆಸ್ತಿಗೆ ತೆರಿಗೆ ಕಟ್ಟಬೇಕೇ? ಈ ಪ್ರಶ್ನೆಗೆ ಮೊದಲು ಹೇಳಬೇಕಾದ್ದು, ನಮ್ಮ ದೇಶದಲ್ಲಿ ‘ಎಲ್ಲರೂ’ ಆ ತೆರಿಗೆ ಕಟ್ಟುತ್ತಲೇ ಇಲ್ಲ. 1953ರ ಅಕ್ಟೋಬರ್ 15ರಂದು ಜಾರಿಗೆ ಬಂದ ಎಸ್ಟೇಟ್ ಡ್ಯೂಟಿ, ಅಂದರೆ ಸತ್ತವರ ಆಸ್ತಿಯ ಮೇಲಿನ ತೆರಿಗೆ, 1985ರ ಮಾರ್ಚ್ 16ಕ್ಕೆ ಮುಗಿಯಿತು. ಅಂದಿನಿಂದ ಬೆಂಗಳೂರಿನ ಉದ್ಯಮಿ ತೀರಿಕೊಂಡರೂ ಒಂದೇ, ಆಲೂರಿನ ಬೆಳೆಗಾರ ತೀರಿಕೊಂಡರೂ ಒಂದೇ. ಮಕ್ಕಳ ಕೈಗೆ ಬರುವ ಆಸ್ತಿಯ ಮೇಲೆ ತೆರಿಗೆ ಇಲ್ಲ. ಆದರೂ ಈ ಮಾತು ಆಗಾಗ ಮೇಲೆ ಬರುತ್ತದೆ. 2024ರ ಲೋಕಸಭೆ ಚುನಾವಣೆಯ ನಡುವೆ ಬಂತು. ಅದೇ ವರ್ಷದ ನವೆಂಬರ್ 19ರಂದು ಲಂಡನ್ನಿನ ವೈಟ್‌ಹಾಲ್‌ನಲ್ಲಿ ಬ್ರಿಟನ್ನಿನ ಸಾವಿರಾರು ರೈತರು ಇಂಥದೇ ತೆರಿಗೆಯ ವಿರುದ್ಧ ಸೇರಿದಾಗ, ಡಿಸೆಂಬರ್‌ನಲ್ಲಿ ಟ್ರ್ಯಾಕ್ಟರ್‌ಗಳನ್ನೇ ತಂದು ನಿಲ್ಲಿಸಿದಾಗ ಮತ್ತೆ ಬಂತು.

ಇಲ್ಲಿ ‘ಅನ್ನದಾತ’ ಎಂಬ ಮಾತನ್ನು ಪಕ್ಕಕ್ಕಿಟ್ಟು ಲೆಕ್ಕ ಮಾಡೋಣ. ಕಾಫಿ, ಮೆಣಸು, ಏಲಕ್ಕಿ ಬೆಳೆಯುವವರಿಗೆ ಆ ಮಾತು ಹೇಗೂ ಪೂರ್ತಿ ಒಪ್ಪುವುದಿಲ್ಲ. ರೈತ ಪುಣ್ಯದ ಕೆಲಸ ಮಾಡುತ್ತಾನೆ ಎಂಬ ಕಾರಣಕ್ಕೆ ತೆರಿಗೆ ಬೇಡ ಎನ್ನುವುದಾದರೆ ದಾದಿಗೂ ಬೇಡ, ಮೇಷ್ಟ್ರಿಗೂ ಬೇಡ. ರೈತನ ಆಸ್ತಿ ಬೇರೆಯವರ ಆಸ್ತಿಗಿಂತ ಬೇರೆಯಾಗಿರುವುದು ಒಂದೇ ಒಂದು ಕಡೆ: ಭೂಮಿಯ ಬೆಲೆಗೂ ಅದು ವರ್ಷಕ್ಕೆ ಕೊಡುವ ಆದಾಯಕ್ಕೂ ಇರುವ ಅಂತರದಲ್ಲಿ.

ಒಂದು ಕಾಲ್ಪನಿಕ ತೋಟ ಇಟ್ಟುಕೊಳ್ಳಿ. ಮೂಡಿಗೆರೆ ಅಥವಾ ಸಕಲೇಶಪುರದ ಕಡೆ 25 ಎಕರೆ, ಅಂದರೆ ಸುಮಾರು 10 ಹೆಕ್ಟೇರ್. ಸಣ್ಣ ಬೆಳೆಗಾರ ಎಂದು ಕರೆಸಿಕೊಳ್ಳುವವರ ಕೊನೆಯ ಗಡಿ ಅದು. ಎಕರೆಗೆ 20 ಲಕ್ಷದಂತೆ ಬೆಲೆ 5 ಕೋಟಿ. ಕೂಲಿ, ಗೊಬ್ಬರ, ಔಷಧಿ, ನೀರು ಹಾಯಿಸಿದ ಡೀಸೆಲ್ ಎಲ್ಲ ಕಳೆದು ಸಾಧಾರಣ ವರ್ಷದಲ್ಲಿ ಎಕರೆಗೆ 60 ಸಾವಿರ ಉಳಿದರೆ ವರ್ಷಕ್ಕೆ 15 ಲಕ್ಷ. ಅಂದರೆ ಬೆಲೆಯ ಶೇ 3. ಈಗ ಯಜಮಾನರು ತೀರಿಕೊಂಡರು, ಆಸ್ತಿಗೆ ಶೇ 20 ತೆರಿಗೆ ಬಿತ್ತು ಎನ್ನಿ. 1 ಕೋಟಿ. ಹತ್ತು ಕಂತು ಕೊಟ್ಟರೂ ವರ್ಷಕ್ಕೆ 10 ಲಕ್ಷ. ಉಳಿಯುವ 5 ಲಕ್ಷದಲ್ಲಿ ಮನೆಯೂ ನಡೆಯಬೇಕು, ಸತ್ತ ಗಿಡದ ಜಾಗಕ್ಕೆ ಸಸಿಯೂ ಹೋಗಬೇಕು. ಅದೇ 5 ಕೋಟಿ ಹಾಸನದ ಬಸ್‌ಸ್ಟ್ಯಾಂಡ್ ಬಳಿಯ ಹಾರ್ಡ್‌ವೇರ್ ವ್ಯಾಪಾರದಲ್ಲಿದ್ದು ಶೇ 15 ಲಾಭ ತರುತ್ತಿದ್ದರೆ ವರ್ಷಕ್ಕೆ 75 ಲಕ್ಷ. 10 ಲಕ್ಷದ ಕಂತು ನೋವು ಕೊಡುತ್ತದೆ, ಅಂಗಡಿ ಮುಚ್ಚಿಸುವುದಿಲ್ಲ.

ತೋಟದ ಬೆಲೆ ಹಾಗೇಕೆ ಏರಿದೆ? ಕಾಫಿಯಿಂದಲ್ಲ. ಹೋಂಸ್ಟೇ, ರೆಸಾರ್ಟ್, ಬೆಂಗಳೂರಿನ ಹೂಡಿಕೆ ಹಣದಿಂದ. 2020ರಲ್ಲಿ ಕರ್ನಾಟಕ ಭೂ ಸುಧಾರಣಾ ಕಾಯಿದೆಯ ತಿದ್ದುಪಡಿ 79ಎ, 79ಬಿ ಸೆಕ್ಷನ್‌ಗಳನ್ನು ತೆಗೆದ ಮೇಲೆ, ಕೃಷಿಯೇತರ ಆದಾಯ 25 ಲಕ್ಷ ದಾಟಿದವರು ಜಮೀನು ಕೊಳ್ಳುವಂತಿಲ್ಲ ಎಂಬ ಮಿತಿಯೂ ಹೋಯಿತು. ತೋಟ ಬೆಳೆಗಳಿಗಂತೂ 104ನೇ ಸೆಕ್ಷನ್ನಿನಡಿ ಈ ನಿರ್ಬಂಧವೂ ಭೂಮಿತಿಯೂ ಮೊದಲಿಂದಲೇ ಅನ್ವಯಿಸುತ್ತಿರಲಿಲ್ಲ. ಪಕ್ಕದ ಎಸ್ಟೇಟನ್ನು ಯಾರೋ ನೋಟಕ್ಕಾಗಿ ದುಬಾರಿಗೆ ಕೊಂಡರೆ, ಕಾಫಿಯನ್ನೇ ನಂಬಿದವನ ತೋಟದ ‘ಮೌಲ್ಯ’ವೂ ಏರುತ್ತದೆ. ಅವನ ಮೂಟೆ ಒಂದೂ ಹೆಚ್ಚುವುದಿಲ್ಲ.

ತೆರಿಗೆ ಕಟ್ಟಲು ನಗದಿಲ್ಲದಾಗ ಮಲೆನಾಡಿನಲ್ಲಿ ಮೊದಲು ಹೋಗುವುದು ಸಿಲ್ವರ್ ಓಕ್. ತೋಟದ ಬ್ಯಾಂಕ್ ಎಂದರೆ ಅದೇ. ಒಮ್ಮೆಲೇ ಕಡಿಸಿದರೆ ಮೆಣಸಿನ ಬಳ್ಳಿಯ ಆಸರೆ ಹೋಗುತ್ತದೆ, ನೆರಳು ತೆಳುವಾಗುತ್ತದೆ. ಬಿಸಿಲು ಬಿದ್ದ ಅರೇಬಿಕಾ ಕಾಂಡವನ್ನೇ ಬಿಳಿ ಕಾಂಡಕೊರಕ ಹುಡುಕುತ್ತದೆ. ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಮರಿ ಕಾಂಡ ಕೊರೆಯುತ್ತದೆ. ಗಿಡ ಹಳದಿಯಾದದ್ದು ಕಣ್ಣಿಗೆ ಬೀಳುವಾಗ ಕಿತ್ತು ಸುಡುವುದೊಂದೇ ದಾರಿ. ಮತ್ತೆ ನೆಟ್ಟು ಫಸಲು ಕಾಣಲು ನಾಲ್ಕೈದು ವರ್ಷ. ಒಂದು ಕಂತು ಕಟ್ಟಲು ಕಡಿದ ಮರದಿಂದ ಮುಂದಿನ ಐದು ಕಂತಿನ ಆದಾಯ ಹೋಗುತ್ತದೆ. ಕಂತಿನ ಸೌಲಭ್ಯ ಕೊಟ್ಟರೆ ಸಾಕು ಎನ್ನುವವರ ಲೆಕ್ಕದಲ್ಲಿ ಇದು ಇರುವುದಿಲ್ಲ.

ಇನ್ನೊಂದು ತೊಡಕು, ಮೌಲ್ಯ ಕಟ್ಟುವ ದಿನ. ಇಂಥ ತೆರಿಗೆಯ ಕಾನೂನು ಸಾವಿನ ದಿನದ ಬೆಲೆಯನ್ನು ಹಿಡಿಯುತ್ತದೆ. ಜನವರಿಯಲ್ಲಿ ತೀರಿಕೊಂಡರೆ ಅರೇಬಿಕಾ ಕೊಯ್ಲು ಮುಗಿಯುತ್ತಿರುತ್ತದೆ, ರೋಬಸ್ಟಾ ಶುರುವಾಗಿರುತ್ತದೆ. ಕಣದಲ್ಲಿರುವ ಚೆರ್ರಿ, ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಸಂಸ್ಕರಣಾ ಘಟಕ) ಮಾರದೆ ಇಟ್ಟ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಬೀಜ), ಗಿಡದ ಮೇಲಿನ ಹಣ್ಣು ಎಲ್ಲವೂ ಆಸ್ತಿಯೇ. 2024–25ರ ಹಂಗಾಮಿನಂತೆ ಬೆಲೆ ದಾಖಲೆ ಮಟ್ಟದಲ್ಲಿದ್ದಾಗ ಲೆಕ್ಕ ಕಟ್ಟಿ, ಇಳಿದ ಮೇಲೆ ಹಣ ಕಟ್ಟಬೇಕಾದರೆ? ಈ ಶತಮಾನದ ಮೊದಲ ವರ್ಷಗಳಲ್ಲಿ ಬೆಲೆ ಕುಸಿದು ತೋಟಗಳನ್ನು ಪಾಳು ಬಿಟ್ಟದ್ದು ಇಲ್ಲಿ ಯಾರಿಗೂ ಮರೆತಿಲ್ಲ. ಸಾಲದ ಕಡೆಯಿಂದ ನೋಡಿದರೂ ಕಷ್ಟ. ಬ್ಯಾಂಕಿನ ಬೆಳೆ ಸಾಲ, ಚಿನ್ನದ ಸಾಲ ಕಳೆದು ಉಳಿದದ್ದಕ್ಕೆ ತೆರಿಗೆ ಹಾಕಬಹುದು. ಕಾಗದವಿಲ್ಲದ ಕೈಸಾಲವನ್ನು ಯಾವ ಅಧಿಕಾರಿಯೂ ಕಳೆಯುವುದಿಲ್ಲ. ಸಾಲ ಕೊಟ್ಟವರು ಮಾತ್ರ ಹನ್ನೊಂದನೇ ದಿನಕ್ಕೇ ಬರುತ್ತಾರೆ.

ಇಷ್ಟು ಹೇಳಿದ ಮೇಲೆ ರೈತರಿಗೆ ಪೂರ್ತಿ ವಿನಾಯಿತಿ ಕೊಟ್ಟುಬಿಡಿ ಎಂದರೆ ಅದೂ ತಪ್ಪು. ಅದಕ್ಕೆ ಬ್ರಿಟನ್ನಿನ ಅನುಭವ ನೋಡಬೇಕು.

ಅಲ್ಲಿ ಸತ್ತವರ ಆಸ್ತಿಯಲ್ಲಿ 3,25,000 ಪೌಂಡ್ ದಾಟಿದ ಭಾಗಕ್ಕೆ ಶೇ 40 ತೆರಿಗೆ. 1992ರಿಂದ ಕೃಷಿ ಆಸ್ತಿಗೆ ನೂರಕ್ಕೆ ನೂರು ವಿನಾಯಿತಿ ಇತ್ತು, ಮೇಲ್ಮಿತಿಯೇ ಇರಲಿಲ್ಲ. ಪರಿಣಾಮ ಊಹಿಸಬಹುದು: ನೇಗಿಲು ಮುಟ್ಟದವರೂ ತೆರಿಗೆ ತಪ್ಪಿಸಲು ಹೊಲ ಕೊಂಡರು. ಬ್ರಿಟಿಷ್ ಸರ್ಕಾರದ ಲೆಕ್ಕದಲ್ಲಿ 2021–22ರಲ್ಲಿ ಈ ವಿನಾಯಿತಿಯ ಶೇ 40ರಷ್ಟು ಹಣ ಹೋದದ್ದು ಅತಿ ದೊಡ್ಡ ಶೇ 7 ಅರ್ಜಿಗಳಿಗೆ, ಅಂದರೆ 117 ಕುಟುಂಬಗಳಿಗೆ. ಅದಕ್ಕೇ 2024ರ ಅಕ್ಟೋಬರ್ 30ರ ಬಜೆಟ್ಟಿನಲ್ಲಿ, 2026ರ ಏಪ್ರಿಲ್‌ನಿಂದ 10 ಲಕ್ಷ ಪೌಂಡ್‌ವರೆಗೆ ಮಾತ್ರ ಪೂರ್ತಿ ವಿನಾಯಿತಿ, ಮೇಲಿನದಕ್ಕೆ ಅರ್ಧ, ಅಂದರೆ ಶೇ 20 ತೆರಿಗೆ, ಬಡ್ಡಿಯಿಲ್ಲದೆ ಹತ್ತು ವರ್ಷದ ಕಂತು ಎಂದು ಘೋಷಿಸಿದರು. ಪ್ರತಿಭಟನೆ ಜೋರಾಯಿತು. 2025ರ ಡಿಸೆಂಬರ್‌ನಲ್ಲಿ ಮಿತಿಯನ್ನು 25 ಲಕ್ಷ ಪೌಂಡ್‌ಗೆ ಏರಿಸಿದರು. ಗಂಡ ಹೆಂಡತಿ ಸೇರಿದರೆ 50 ಲಕ್ಷ.

ಎಕರೆಗೆ 10,000 ಪೌಂಡಿನಂತೆ 400 ಎಕರೆ ಹೊಲ, ಬೆಲೆ 40 ಲಕ್ಷ ಪೌಂಡ್, ಮಾಲೀಕ ಒಬ್ಬನೇ ಎನ್ನಿ. ಎಲ್ಲರಿಗೂ ಇರುವ 3,25,000 ಪೌಂಡಿನ ವಿನಾಯಿತಿ ಪಕ್ಕಕ್ಕಿಟ್ಟರೆ, ಮೊದಲ ಪ್ರಸ್ತಾವದಲ್ಲಿ 30 ಲಕ್ಷದ ಶೇ 20, ಅಂದರೆ 6 ಲಕ್ಷ, ವರ್ಷಕ್ಕೆ 60,000 ಪೌಂಡ್. ಬದಲಾದ ಮೇಲೆ 3 ಲಕ್ಷ, ವರ್ಷಕ್ಕೆ 30,000. ಅದೇ ಹೊಲ ದಂಪತಿಯ ಹೆಸರಿನಲ್ಲಿದ್ದು ಇಬ್ಬರ ಮಿತಿಯೂ ಬಳಕೆಯಾದರೆ ಸೊನ್ನೆ. ಒಂದೇ ಹೊಲ, ಒಂದೇ ಫಸಲು. ಮಿತಿ ಬದಲಾದರೆ ಬದುಕೋ ಮಾರಾಟವೋ ಎಂಬುದು ಬದಲಾಗುತ್ತದೆ. ಇಡೀ ಗಲಾಟೆ ಮಿತಿಯ ಸುತ್ತ ನಡೆದದ್ದು ಅದಕ್ಕೇ.

ಜಪಾನಿನ ದಾರಿ ನನಗೆ ಇದಕ್ಕಿಂತ ಹಿಡಿಸುತ್ತದೆ. ಅಲ್ಲಿ ಪಿತ್ರಾರ್ಜಿತ ತೆರಿಗೆ ಶೇ 55ರವರೆಗೂ ಏರುತ್ತದೆ. ಆದರೆ 1975ರಿಂದ ಕೃಷಿ ಭೂಮಿಗೆ ಬೇರೆ ಕ್ರಮ ಇದೆ. ಭೂಮಿಗೆ ಎರಡು ಬೆಲೆ ಕಟ್ಟುತ್ತಾರೆ: ಒಂದು ಮಾಮೂಲಿ ಬೆಲೆ, ಇನ್ನೊಂದು ಬೇಸಾಯಕ್ಕೆಂದೇ ಕೊಂಡರೆ ಎಷ್ಟು ಕೊಡಬಹುದು ಎಂಬ ಬೆಲೆ. ಎರಡರ ನಡುವಿನ ವ್ಯತ್ಯಾಸಕ್ಕೆ ಬೀಳುವ ತೆರಿಗೆಯನ್ನು, ವಾರಸುದಾರ ಬೇಸಾಯ ಮುಂದುವರಿಸುವ ತನಕ ಮುಂದೂಡುತ್ತಾರೆ. ಮೂರು ವರ್ಷಕ್ಕೊಮ್ಮೆ ಬೇಸಾಯ ನಡೆಯುತ್ತಿದೆ ಎಂದು ಬರೆದುಕೊಡಬೇಕು. ನಡುವೆ ಮಾರಿದರೆ, ಕಟ್ಟಡ ಕಟ್ಟಿದರೆ, ಮುಂದೂಡಿದ ತೆರಿಗೆ ಬಡ್ಡಿ ಸಮೇತ ಕಟ್ಟಬೇಕು. ಸಾಯುವ ತನಕ ಬೇಸಾಯ ಮಾಡಿದರೆ ಮನ್ನಾ. ಅಮೆರಿಕದಲ್ಲೂ ಬಳಕೆಯ ಬೆಲೆ ಹಿಡಿಯುವ ಅವಕಾಶವಿದೆ, ಹತ್ತು ವರ್ಷ ಬೇಸಾಯದಲ್ಲೇ ಇರಬೇಕೆಂಬ ಷರತ್ತಿನೊಂದಿಗೆ.

ನಮ್ಮ ಕಾಲ್ಪನಿಕ ತೋಟಕ್ಕೆ ಬಳಕೆಯ ಬೆಲೆ ಕಟ್ಟಿ ನೋಡಿ. ಎಕರೆಯ 60 ಸಾವಿರ ಆದಾಯವನ್ನು ಭೂಮಿಯ ಬೆಲೆಯ ಶೇ 8 ಎಂದು ಹಿಡಿದರೆ ಎಕರೆಗೆ 7.5 ಲಕ್ಷ, 25 ಎಕರೆಗೆ 1 ಕೋಟಿ 87 ಲಕ್ಷದ 50 ಸಾವಿರ. ಶೇ 20 ಎಂದರೆ 37.5 ಲಕ್ಷ, ವರ್ಷದ ಕಂತು 3.75 ಲಕ್ಷ, ಆದಾಯದ ಕಾಲುಭಾಗ. 2 ಕೋಟಿಯ ವಿನಾಯಿತಿ ಇಟ್ಟರೆ ಏನೂ ಇಲ್ಲ.

ನಮ್ಮ ಹಳೆಯ ಎಸ್ಟೇಟ್ ಡ್ಯೂಟಿ ಏಕೆ ಸೋತಿತು ಎಂಬುದನ್ನೂ ನೋಡಬೇಕು. 20 ಲಕ್ಷ ದಾಟಿದ ಭಾಗಕ್ಕೆ ಶೇ 85ರವರೆಗೆ ದರ. ಅಷ್ಟಿದ್ದೂ ವರ್ಷಕ್ಕೆ ಬರುತ್ತಿದ್ದದ್ದು ಸುಮಾರು 20 ಕೋಟಿ ರೂಪಾಯಿ. ಬದುಕಿದ್ದಾಗ ಸಂಪತ್ತು ತೆರಿಗೆಗೆ ಒಮ್ಮೆ, ಸತ್ತಾಗ ಎಸ್ಟೇಟ್ ಡ್ಯೂಟಿಗೆ ಇನ್ನೊಮ್ಮೆ, ಅದೇ ಆಸ್ತಿಗೆ ಎರಡು ಸಲ ಬೆಲೆ ಕಟ್ಟುವ ಕಾಟ. ವಸೂಲಿಯ ಖರ್ಚಿಗೆ ಹೋಲಿಸಿದರೆ ಫಲ ಕಡಿಮೆ ಎಂದೇ ಆಗಿನ ಹಣಕಾಸು ಸಚಿವ ವಿ.ಪಿ. ಸಿಂಗ್ ಅದನ್ನು ತೆಗೆದರು. ಸಂವಿಧಾನದ ಗೋಡೆಯೂ ಒಂದಿದೆ. ಕೃಷಿ ಭೂಮಿಯ ಮೇಲಿನ ಎಸ್ಟೇಟ್ ಡ್ಯೂಟಿ ರಾಜ್ಯ ಪಟ್ಟಿಯ 48ನೇ ನಮೂದು, ಉಳಿದ ಆಸ್ತಿಯದು ಕೇಂದ್ರ ಪಟ್ಟಿಯ 87. ಕೃಷಿ ಭೂಮಿಗೆ ಕೇಂದ್ರದ ಕಾಯಿದೆ ಅನ್ವಯಿಸಬೇಕಾದರೆ ಆಯಾ ರಾಜ್ಯ ನಿರ್ಣಯ ಮಾಡಿ ಒಪ್ಪಬೇಕಿತ್ತು. ದೆಹಲಿಯಲ್ಲಿ ಯಾರೋ ಪಿತ್ರಾರ್ಜಿತ ತೆರಿಗೆ ಎಂದ ತಕ್ಷಣ ತೋಟಕ್ಕೆ ಬಂತು ಎಂದು ಹೆದರುವವರು ಇದನ್ನು ನೆನಪಿಟ್ಟುಕೊಳ್ಳಬಹುದು. ವಿಧಾನಸಭೆ ಒಪ್ಪದೆ ಅದು ಘಟ್ಟ ಹತ್ತುವುದಿಲ್ಲ.

ನಿಜವಾದ ಅಸಮಾನತೆ ಇರುವುದು ಸಾವಿನಲ್ಲಲ್ಲ, ಮಾರಾಟದಲ್ಲಿ. ಹಾಸನದಲ್ಲಿ ತಂದೆಯಿಂದ ಬಂದ ಒಂದು 30x40 ಸೈಟು ಮಾರಿದ ಗುಮಾಸ್ತರನ್ನು ನೋಡಿ. ಪಿತ್ರಾರ್ಜಿತ ತೆರಿಗೆ ಅವರಿಗಿಲ್ಲ, ನಿಜ. ಆದರೆ ಮಾರಿದಾಗ ಲಾಭದ ಲೆಕ್ಕ ಶುರುವಾಗುವುದು ತಂದೆ ಕೊಟ್ಟ ಬೆಲೆಯಿಂದ. ಸೈಟು 2001ರ ಏಪ್ರಿಲ್ 1ಕ್ಕೂ ಮೊದಲಿನದಾದರೆ ಆ ದಿನದ ಮಾರುಕಟ್ಟೆ ಬೆಲೆ ಹಿಡಿಯಬಹುದು. ಉಳಿದದ್ದಕ್ಕೆ ಶೇ 12.5, ಅಥವಾ 2024ರ ಜುಲೈ 23ಕ್ಕೆ ಮೊದಲು ಬಂದ ಆಸ್ತಿಯಾದರೆ ಹಣದುಬ್ಬರದ ಹೊಂದಾಣಿಕೆಯೊಂದಿಗೆ ಶೇ 20. ಯಾವುದು ಕಡಿಮೆಯೋ ಅದು. ಬ್ರಿಟನ್ನಿನಲ್ಲಿ ಸಾವಿನೊಂದಿಗೆ ಹಳೆಯ ಲಾಭ ಅಳಿಸಿಹೋಗುತ್ತದೆ, ನಮ್ಮಲ್ಲಿ ಅಳಿಸುವುದಿಲ್ಲ. ಅಂದರೆ ‘ಎಲ್ಲರೂ’ ಮುಂದೂಡಿದ ರೂಪದಲ್ಲಿ ಕಟ್ಟುತ್ತಲೇ ಇದ್ದಾರೆ.

ಈಗ 25 ಎಕರೆ ತೋಟವನ್ನು 5 ಕೋಟಿಗೆ ರೆಸಾರ್ಟಿನವರಿಗೆ ಮಾರಿದವರ ಲೆಕ್ಕ. ಗ್ರಾಮೀಣ ಕೃಷಿ ಭೂಮಿ ಆದಾಯ ತೆರಿಗೆಯ ಕಣ್ಣಿಗೆ ಬಂಡವಾಳ ಆಸ್ತಿಯೇ ಅಲ್ಲ. ತೆರಿಗೆ ಸೊನ್ನೆ. ‘ಗ್ರಾಮೀಣ’ ಎಂಬುದನ್ನು ದೂರ ನೋಡಿ ತೀರ್ಮಾನಿಸುತ್ತಾರೆ, ಈ ದೂರಗಳ ಆಚೆಗಿದ್ದರೆ ಗ್ರಾಮೀಣ: ಜನಸಂಖ್ಯೆ 10 ಸಾವಿರ ದಾಟಿ ಒಂದು ಲಕ್ಷದೊಳಗಿನ ಪಟ್ಟಣದ ಗಡಿಯಿಂದ 2 ಕಿ.ಮೀ., ಒಂದರಿಂದ ಹತ್ತು ಲಕ್ಷದೊಳಗೆ 6 ಕಿ.ಮೀ., ಅದಕ್ಕೂ ಮೇಲೆ 8 ಕಿ.ಮೀ. ಹಾಸನ, ಚಿಕ್ಕಮಗಳೂರು ಎರಡೂ ಲಕ್ಷ ದಾಟಿದ ಊರುಗಳು, ಹಾಗಾಗಿ 6 ಕಿ.ಮೀ. ಅಳತೆ ರಸ್ತೆಯದಲ್ಲ, ಆಕಾಶದಲ್ಲಿ ನೇರ ಗೆರೆ ಎಳೆದದ್ದು. ಘಟ್ಟದ ತಿರುವುಗಳಲ್ಲಿ ಇದು ದೊಡ್ಡ ವ್ಯತ್ಯಾಸ. ಮಾರುವ ಮೊದಲೇ ಅಲಿನೇಷನ್ (ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಿದರೆ ಅದು ಕೃಷಿ ಭೂಮಿಯಾಗಿ ಉಳಿಯುವುದಿಲ್ಲ, ತೆರಿಗೆ ಬೀಳುತ್ತದೆ. ಅದಕ್ಕೇ ಜಾಣರು ತೋಟವಾಗಿಯೇ ಮಾರುತ್ತಾರೆ, ಕೊಂಡವರು ಆಮೇಲೆ ಪರಿವರ್ತನೆ ಮಾಡಿಸುತ್ತಾರೆ. ಬೆಲೆಯಲ್ಲಿ ರೆಸಾರ್ಟಿನ ಲಾಭ ಸೇರಿದೆ, ಕಾಗದದಲ್ಲಿ ಕಾಫಿ ಮಾತ್ರ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಬೇಸಾಯ ಮುಂದುವರಿಸುವ ಮಕ್ಕಳಿಂದ ಸಾವಿನ ದಿನ ಏನೂ ಕೇಳಬಾರದು. ಹೊರಗಿನವರಿಗೆ ಮಾರಿದಾಗ ಅಥವಾ ಪರಿವರ್ತನೆ ಮಾಡಿಸಿದಾಗ, ಸೈಟು ಮಾರಿದವರಿಗೆ ಇರುವ ನಿಯಮವೇ ಅವರಿಗೂ ಇರಲಿ. ಅದಕ್ಕೆ ಹೊಸ ಇಲಾಖೆ ಬೇಡ. ನೋಂದಣಿ ಕಾವೇರಿ ತಂತ್ರಾಂಶದಲ್ಲಿ ಆಗುತ್ತದೆ, ಪರಿವರ್ತನೆ ಭೂಕಂದಾಯ ಕಾಯಿದೆಯ 95ನೇ ಸೆಕ್ಷನ್ನಿನಡಿ ಜಿಲ್ಲಾಧಿಕಾರಿ ಬಳಿಗೆ ಬರುತ್ತದೆ. ಎರಡೂ ಕಡೆ ಹಣ ಕೈಯಲ್ಲಿರುವ ಹೊತ್ತು ಅದು. ಮಾರಿದ ಹಣದಲ್ಲಿ ಎರಡು ವರ್ಷದೊಳಗೆ ಬೇರೆ ಕೃಷಿ ಭೂಮಿ ಕೊಂಡರೆ ತೆರಿಗೆ ಬಿಡುವ, 1961ರ ಆದಾಯ ತೆರಿಗೆ ಕಾಯಿದೆಯ 54ಬಿ ಸೆಕ್ಷನ್ ರೀತಿಯ ಅನುಕೂಲವನ್ನು ಇದಕ್ಕೂ ಕೊಡಬೇಕು. ವಿನಾಯಿತಿಯ ಮಿತಿಯನ್ನು ಎಕರೆಯಲ್ಲಿ ಇಡಬಾರದು, ಬೆಲೆಯಲ್ಲಿ ಇಡಬೇಕು. ಶಾಂತಿಗ್ರಾಮದ ಹೆದ್ದಾರಿ ಬದಿಯ ಎಕರೆಯೂ ಅರಸೀಕೆರೆಯ ಖುಷ್ಕಿ ಎಕರೆಯೂ ಒಂದಲ್ಲ. ಆಸ್ಪತ್ರೆ ಖರ್ಚಿಗೆ ಎರಡೆಕರೆ ಮಾರಿದವನ ಹತ್ತಿರ ಈ ತೆರಿಗೆ ಸುಳಿಯಬಾರದು.

ಇದಕ್ಕೆ ಇರುವ ಗಟ್ಟಿ ಆಕ್ಷೇಪ ಒತ್ತುವರಿಯದು. ಮಲೆನಾಡಿನಲ್ಲಿ ಪಹಣಿಯಲ್ಲಿ ಹತ್ತು ಎಕರೆ, ಬೇಲಿಯೊಳಗೆ ಹದಿನೆಂಟು ಎಕರೆ ಇರುವ ತೋಟಗಳಿವೆ. ದಾಖಲೆ ಸರಿಯಿರುವವನಿಗೆ ತೆರಿಗೆ, ದಾಖಲೆಯಿಲ್ಲದವನಿಗೆ ಇಲ್ಲ ಎಂದಾಗಬಾರದು. ಸರ್ಕಾರಿ ಜಮೀನಿನಲ್ಲಿ ಎದ್ದ ತೋಟಗಳನ್ನು ಗುತ್ತಿಗೆಗೆ ಕೊಡುವ ಕ್ರಮ ಪೂರ್ತಿಯಾಗದೆ ಯಾವ ಆಸ್ತಿ ತೆರಿಗೆಯೂ ಇಲ್ಲಿ ನ್ಯಾಯವಾಗಿ ನಡೆಯದು.

ಉಪನ್ಯಾಸದ ಕೊನೆಗೆ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ತೆರಿಗೆಯವಲ್ಲ, ಖಾತೆಯವು. ಅದು ಸಹಜ. ಇಂದು ರೈತನ ಮನೆಯವರು ಸಾವಿನ ನಂತರ ಕಟ್ಟುತ್ತಿರುವ ನಿಜವಾದ ದಂಡ ಪೌತಿ ಖಾತೆ (ಸತ್ತವರ ಖಾತೆ ವಾರಸುದಾರರ ಹೆಸರಿಗೆ) ಮಾಡಿಸದೆ ಬಿಟ್ಟದ್ದರದು. ಅಜ್ಜನ ಹೆಸರಿನಲ್ಲೇ ಪಹಣಿ ಇದ್ದರೆ ಬೆಳೆ ಸಾಲ ಸಿಗದು, ಬೆಳೆ ಪರಿಹಾರ ಬಾರದು. ವಾರಸಿನಿಂದ ಹಕ್ಕು ಬಂದರೆ ಮೂರು ತಿಂಗಳೊಳಗೆ ತಿಳಿಸಬೇಕೆಂದು ಭೂಕಂದಾಯ ಕಾಯಿದೆಯ 128ನೇ ಸೆಕ್ಷನ್ ಹೇಳುತ್ತದೆ. ಮರಣ ಪ್ರಮಾಣ ಪತ್ರ, ನಾಡಕಚೇರಿಯ ವಂಶವೃಕ್ಷ, ಪಹಣಿ, ಎಲ್ಲ ವಾರಸುದಾರರ ಆಧಾರ್ ಸೇರಿಸಿ ಅರ್ಜಿ ಕೊಟ್ಟರೆ, ಗ್ರಾಮ ಆಡಳಿತ ಅಧಿಕಾರಿಯ ವಿಚಾರಣೆ, ತಕರಾರಿಗೆ ನೋಟಿಸು, ಆಮೇಲೆ ಮ್ಯುಟೇಶನ್. ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ವಂಶವೃಕ್ಷದಲ್ಲಿ ಮದುವೆಯಾದ ಹೆಣ್ಣುಮಕ್ಕಳ ಹೆಸರು ಬಿಡುತ್ತಾರೆ. 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳ ಹಕ್ಕು ಹುಟ್ಟಿನಿಂದಲೇ ಎಂಬುದು ನಿಶ್ಚಿತ, ಆದ್ದರಿಂದ ಹೆಸರು ಬಿಟ್ಟ ಖಾತೆ ಒಂದಲ್ಲ ಒಂದು ದಿನ ಬೀಳುತ್ತದೆ. ಎರಡನೆಯದು ಪಹಣಿಯ ಹೆಸರಿಗೂ ಆಧಾರಿನ ಹೆಸರಿಗೂ ತಾಳೆಯಾಗದಿರುವುದು. ಮೂರನೆಯದು ಪೋಡಿ ಆಗದ, ಅಂದರೆ ಅಳೆದು ಪಾಲು ಬೇರ್ಪಡಿಸದ ಸರ್ವೆ ನಂಬರು: ಖಾತೆ ಜಂಟಿಯಾಗಿ ಬರುತ್ತದೆ, ಆದರೆ 11ಇ ನಕ್ಷೆ (ಪಾಲನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಇಲ್ಲದೆ ಯಾರೂ ತಮ್ಮ ಪಾಲನ್ನು ಮಾರಲಾಗದು.

ಬದುಕಿರುವಾಗಲೇ ದಾನಪತ್ರ ಮಾಡಿಕೊಡುವ ಹಿರಿಯರಿಗೆ ಒಂದು ಎಚ್ಚರಿಕೆ. ತಮ್ಮನ್ನು ನೋಡಿಕೊಳ್ಳಬೇಕು ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಸೆಕ್ಷನ್ನಿನಲ್ಲಿ ದಾನವನ್ನು ರದ್ದು ಮಾಡಿಸಲು ಅದೇ ಆಧಾರ. ಬಾಯಿಮಾತಿನ ಷರತ್ತನ್ನು ಸಾಬೀತು ಮಾಡುವುದು ಕಷ್ಟ.

ಕೊನೆಯ ಪ್ರಶ್ನೆ, ಒಬ್ಬ ವಾರಸುದಾರರು ತಮ್ಮ ಪಾಲನ್ನು ಹೊರಗಿನವರಿಗೆ ಮಾರಲು ಹೊರಟರೆ ತೋಟ ಮಾಡುತ್ತಿರುವ ಅಣ್ಣತಮ್ಮಂದಿರು, ಅಕ್ಕತಂಗಿಯರು ಏನು ಮಾಡಬಹುದು ಎಂಬುದು. ಹಿಂದೂ ಉತ್ತರಾಧಿಕಾರ ಕಾಯಿದೆಯ 22ನೇ ಸೆಕ್ಷನ್ನಿನಲ್ಲಿ ಉಳಿದ ವಾರಸುದಾರರಿಗೆ ಮೊದಲು ಕೊಳ್ಳುವ ಹಕ್ಕಿದೆ. ಅದು ಕೃಷಿ ಭೂಮಿಗೂ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಬೆಲೆಯಲ್ಲಿ ಒಮ್ಮತ ಬಾರದಿದ್ದರೆ ನ್ಯಾಯಾಲಯ ಬೆಲೆ ಗೊತ್ತುಮಾಡುತ್ತದೆ. ಆದರೆ ಉಯಿಲಿಲ್ಲದೆ, ಮೊದಲ ವರ್ಗದ ವಾರಸುದಾರರಿಗೆ ಒಟ್ಟಾಗಿ ಬಂದ ಆಸ್ತಿಗೆ ಮಾತ್ರ ಈ ಹಕ್ಕು. ವಿಭಾಗ ಪತ್ರ ನೋಂದಣಿಯಾಗಿ ಹಿಸ್ಸೆ ಬೇರೆಯಾದ ಮೇಲೆ ಇದನ್ನು ಕೇಳಲಾಗದು. ಹಾಗಾಗಿ ಭಾಗ ಮಾಡಿಕೊಳ್ಳುವ ಮೊದಲೇ ಯಾರು ತೋಟದಲ್ಲಿ ಉಳಿಯುತ್ತಾರೆ, ಯಾರಿಗೆ ಹಣ ಬೇಕು ಎಂಬುದನ್ನು ಕೂತು ಮಾತಾಡಿ, ಹೊರಡುವವರ ಪಾಲಿಗೆ ಕಂತಿನಲ್ಲಿ ಹಣ ಕೊಡುವುದಾದರೆ ಆ ಕಂತುಗಳನ್ನೂ ವಿಭಾಗ ಪತ್ರದಲ್ಲೇ ದಿನಾಂಕ ಸಮೇತ ಬರೆಸಿಕೊಳ್ಳಬೇಕು.